ಹಾಲುಬಾವಿಯ ಬೋಳು ಬೇಸಿಗೆ

ಮಸಿದುಂಬಿ ಮೈಸೂರಿಗೆ ಇನ್ನೂ ಬಂದಿರಲಿಲ್ಲ. ಆದರೆ ಬಂದೇ ಬರುತ್ತದೆ ಎಂಬುದರಲ್ಲಿ ವೃಕ್ಷವಿಜ್ಞಾನಿ ಡಾಕ್ಟರ್ ಭಾಗೀರಥಿಗೆ ಸಂಶಯವಿರಲಿಲ್ಲ.

ಎಳ್ಳಿನ ಕಾಳಿಗಿಂತ ಚಿಕ್ಕದಾದ ಆ ದುಂಬಿ, ಸರಕು ತುಂಬುವ ಮರದ ಪೆಟ್ಟಿಗೆಗಳಲ್ಲಿ ಅಡಗಿ ಸಮುದ್ರ ದಾಟಿ ಬಂದ ಪ್ರಾಣಿ. ಕಾಂಡವನ್ನು ಕೊರೆದು ಒಳಹೊಕ್ಕು, ತನ್ನ ಮೈಯಲ್ಲಿ ಹೊತ್ತು ತಂದ ಒಂದು ಬಗೆಯ ಬೂಷ್ಟನ್ನು ಸುರಂಗದ ಗೋಡೆಗೆ ಹಚ್ಚುತ್ತದೆ. ದುಂಬಿಯ ಮರಿಗಳಿಗೆ ಆ ಬೂಷ್ಟೇ ಊಟ. ಬೂಷ್ಟು ಮಾತ್ರ ಅಲ್ಲಿಗೇ ನಿಲ್ಲುವುದಿಲ್ಲ. ಬೇರಿನಿಂದ ನೀರು ಮೇಲೇರುವ ಸಣ್ಣ ಸಣ್ಣ ನಾಳಗಳಿಗೆಲ್ಲ ನುಗ್ಗಿ ಅವನ್ನು ಮುಚ್ಚಿಬಿಡುತ್ತದೆ. ಕಾಲಬುಡದಲ್ಲಿ ನೀರಿದ್ದರೂ ಮರ ನಿಂತಲ್ಲೇ ಬಾಯಾರಿ ಸಾಯುತ್ತದೆ. ಕಡಿದು ನೋಡಿದರೆ ಒಳಗೆಲ್ಲ ಮಸಿ ಚೆಲ್ಲಿದ ಹಾಗೆ ಕಪ್ಪು.

ಪೂರ್ವ ಕರಾವಳಿಯ ಒಂದು ಬಂದರು ಪಟ್ಟಣ ಹೀಗೆ ಎರಡೇ ವರ್ಷದಲ್ಲಿ ತನ್ನ ಮರಗಳನ್ನೆಲ್ಲ ಕಳೆದುಕೊಂಡಿತ್ತು. ಭಾಗೀರಥಿ ಅಲ್ಲಿಗೆ ಹೋದಾಗ ಬೀದಿಗಳ ಇಕ್ಕೆಲದಲ್ಲೂ ಉಳಿದಿದ್ದದ್ದು ಬರೀ ಮೋಟುಗಳು. ಒಂದು ಬೀದಿಯಲ್ಲಿ ಮಾತ್ರ ಸಾಲು ಮರಗಳು ಹಸಿರಾಗಿ ನಿಂತಿದ್ದವು. ದುಂಬಿ ಬರುವ ಸ್ವಲ್ಪ ಮೊದಲು ಆ ಬೀದಿಯ ತುದಿಯ ಮರವೊಂದನ್ನು ಯಾರೋ ಅರ್ಧ ಕೊಯ್ದು ಹಾಗೆಯೇ ಬಿಟ್ಟಿದ್ದರಂತೆ. ಗಾಯವಾದ ಮರ ಗಾಳಿಗೆ ಒಂದು ವಾಸನೆ ಬಿಡುತ್ತದೆ. ಅದು ಬಡಿದ ಅಕ್ಕಪಕ್ಕದ ಮರಗಳು ಅಪಾಯವನ್ನು ಅರಿತು ತಮ್ಮ ನಾಳಗಳ ಸುತ್ತ ಅಂಟು ತುಂಬಿಕೊಳ್ಳುತ್ತವೆ. ದುಂಬಿ ಬಂದಾಗ ಆ ಬೀದಿ ಸಿದ್ಧವಾಗಿತ್ತು.

ಹಾಗಾದರೆ ಆ ವಾಸನೆಯನ್ನು ನಾವೇ ತಯಾರಿಸಿ, ದುಂಬಿ ಬರುವ ಮೊದಲೇ ಇಡೀ ಊರಿನ ಮರಗಳಿಗೆ ತೋರಿಸಿದರೆ?

ನಾಲ್ಕು ವರ್ಷದ ದುಡಿಮೆಯ ಕೊನೆಗೆ ಭಾಗೀರಥಿಯ ಕೈಯಲ್ಲಿ ಒಂದು ಪುಟ್ಟ ಮಣ್ಣಿನ ಕುಡಿಕೆ ಇತ್ತು. ಅದರೊಳಗೆ ಎಣ್ಣೆಯಂಥ ದ್ರವ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಅದು ಮೆಲ್ಲಗೆ ಆವಿಯಾಗುತ್ತ ಮರಕ್ಕೆ ತಿಂಗಳುಗಟ್ಟಲೆ ಒಂದೇ ಸುದ್ದಿ ಹೇಳುತ್ತಿತ್ತು: ಎಚ್ಚರ.

ಚಾಮುಂಡಿ ಬೆಟ್ಟದ ತಪ್ಪಲಲ್ಲಿದ್ದ ವೃಕ್ಷ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಆ ಕುಡಿಕೆಯನ್ನು ಮೇಜಿನ ಮೇಲಿಟ್ಟು ಅವಳು ಮಾತು ಮುಗಿಸಿದಾಗ, ಕೇಂದ್ರದ ಅಧ್ಯಕ್ಷ ಜಯಕೀರ್ತಿಯವರು ಅದನ್ನು ಮೂಸಿ ನೋಡಿ ಮುಖ ಸಿಂಡರಿಸಿದರು. ಹಸಿ ಮಾವಿನ ಸೊನೆಯಂಥ ಒಗರು ವಾಸನೆ.

"ಇಷ್ಟೇನಾ? ಮರಕ್ಕೆ ನೇತುಹಾಕಿದರೆ ಆಯ್ತಾ?"

"ಇಷ್ಟೇ ಆಗಿದ್ದರೆ ನಿಮ್ಮನ್ನ ಕರೆಸ್ತಿರಲಿಲ್ಲ ಸರ್," ಎಂದಳು ಭಾಗೀರಥಿ. "ಅಂಟು ಮಾಡೋದಕ್ಕೆ ಮರಕ್ಕೆ ಶಕ್ತಿ ಬೇಕು. ಎಲೆ, ಹೂವು, ಕಾಯಿಗೆ ಇಟ್ಟುಕೊಂಡದ್ದನ್ನೆಲ್ಲ ಅದಕ್ಕೇ ಸುರೀತದೆ. ಆ ಬೇಸಿಗೆ ಮರ ಬೋಳಾಗುತ್ತೆ. ಹೂ ಇಲ್ಲ, ಹಣ್ಣಿಲ್ಲ, ಮಳೆಗಾಲದವರೆಗೂ ನೆರಳಿಲ್ಲ."

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೈಸೂರಿನ ಒಂದೊಂದು ಮರವೂ ಒಂದೊಂದು ಹಸಿರು ಚುಕ್ಕೆಯಾಗಿ ಹೊಳೆಯುತ್ತಿತ್ತು.

"ಇನ್ನೊಂದು ಮಾತು," ಅವಳು ಮುಂದುವರಿಸಿದಳು. "ಒಂದು ಬಡಾವಣೆ ಅಂದಮೇಲೆ ಅಲ್ಲಿನ ಎಲ್ಲಾ ಮರಕ್ಕೂ ಕಟ್ಟಬೇಕು. ಮನೆ ಕಾಂಪೌಂಡಿನ ಮಾವು, ಸಂಪಿಗೆ ಎಲ್ಲಾ. ನಡುವೆ ಒಂದೇ ಒಂದು ಎಚ್ಚರವಾಗದ ಮರ ಉಳಿದರೆ ದುಂಬಿ ಅಲ್ಲೇ ಸಂಸಾರ ಹೂಡ್ತದೆ."

"ದುಂಬಿ ಬರದೇ ಹೋದ್ರೆ?"

"ಜನರಿಗೆ ಸುಮ್ಮನೆ ಬಿಸಿಲು ಕುಡಿಸಿದೆ ಅಂತ ಬೈಸಿಕೊಳ್ತೀನಿ."

ಜಯಕೀರ್ತಿ ಕುಡಿಕೆಯನ್ನು ಮೇಜಿನ ಮೇಲೆ ಮರಳಿ ಇಟ್ಟರು. ಇಡೀ ಊರಿಗೆ ಒಪ್ಪಲು ಸಾಧ್ಯವಿಲ್ಲ, ಪರೀಕ್ಷೆಗೆಂದು ಒಂದೇ ಬಡಾವಣೆ, ಅದೂ ಅಲ್ಲಿನ ಜನ ಒಪ್ಪಿದರೆ ಮಾತ್ರ ಎಂದರು. ಯಾವ ಬಡಾವಣೆ ಎಂದು ಕೇಳಿದ್ದಕ್ಕೆ ಭಾಗೀರಥಿ ತಡವರಿಸಲಿಲ್ಲ.

"ಹಾಲುಬಾವಿ ಕೊಡಿ ಸರ್. ನಮ್ಮ ಮನೆ ಇರೋದು ಅಲ್ಲೇ. ಬೇರೆಯವರ ಬೀದಿ ಬೋಳಿಸಿ ನಾನು ನೆರಳಲ್ಲಿ ಕೂರೋದಿಲ್ಲ."

* * *

ಹಾಲುಬಾವಿ ಬಡಾವಣೆ ಮರಗಳಿಗೇ ಹೆಸರಾದದ್ದು. ಮುಖ್ಯ ಬೀದಿಯ ಎರಡೂ ಬದಿಗೆ ಮುದಿ ಮಳೆಮರಗಳು ಮೇಲೆ ಕೈ ಕೈ ಹಿಡಿದು ಚಪ್ಪರ ಕಟ್ಟಿದ್ದವು. ಒಳಬೀದಿಗಳಲ್ಲಿ ಹೊಂಗೆ, ಬೇವು, ಮನೆಮನೆಯಲ್ಲಿ ಮಾವು.

ಭಾಗೀರಥಿ ಮನೆಮನೆಗೆ ಹೊರಟಾಗ ಜೊತೆಗೆ ಅತ್ತೆ ಚೆನ್ನಾಜಮ್ಮನೂ ಹೊರಟರು. ಎಪ್ಪತ್ತು ದಾಟಿದ ಹೆಂಗಸು. ಬೀದಿಯಲ್ಲಿ ಅರ್ಧ ಜನ ಅವರು ಹೊಲಿದ ಲಂಗ, ರವಿಕೆ ಹಾಕಿಕೊಂಡೇ ದೊಡ್ಡವರಾದವರು. "ನಿನ್ನ ಇಂಗ್ಲಿಷು ನೀನು ಹೇಳು, ಮಿಕ್ಕಿದ್ದು ನಾನು ಹೇಳ್ತೀನಿ," ಎಂದು ಅವರೇ ಮೊದಲು ಗೇಟು ತೆಗೆಯುತ್ತಿದ್ದರು. ಬಂದರು ಪಟ್ಟಣದಿಂದ ಗಾಜಿನಲ್ಲಿ ಮುಚ್ಚಿ ತಂದ ಕಪ್ಪು ಮರದ ಚೂರನ್ನು ಕೈಯಲ್ಲಿ ಹಿಡಿದು ನೋಡಿದವರು ಹೆಚ್ಚು ವಾದ ಮಾಡಲಿಲ್ಲ. "ಒಂದ್ ವರ್ಷ ಉಪ್ಪಿನಕಾಯಿ ಕೊಂಡ್ಕೊಂಡು ತಿಂದ್ರಾಯ್ತು ಬಿಡಿ," ಎಂದರು ಮಾವಿನ ಮರದವರು.

ಒಪ್ಪದವರು ಒಬ್ಬರೇ: ಹೆರಿಗೆ ಆಸ್ಪತ್ರೆಯ ಸಿಸ್ಟರ್ ಫಿಲೋಮಿನಾ.

ಆಸ್ಪತ್ರೆಯ ಅಂಗಳದಲ್ಲಿ ಬಡಾವಣೆಯ ಅತಿ ದೊಡ್ಡ ಮಳೆಮರವಿತ್ತು. ಸುತ್ತಲ ಹಳ್ಳಿಗಳಿಂದ ಬಂದ ಬಸುರಿಯರು, ಅವರ ತಾಯಂದಿರು, ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಅದರಡಿ ಕೂತಿರುತ್ತಿದ್ದರು. ಒಳಗೆ ಜಾಗ ಸಾಲದು. ಆ ನೆರಳೇ ಆಸ್ಪತ್ರೆಯ ಅರ್ಧ ಭಾಗ.

"ಡಾಕ್ಟ್ರೇ, ನಿಮ್ಮ ದುಂಬಿ ಬರೋದು ಮುಂದೆ. ನನ್ನ ಹೆಣ್ಣುಮಕ್ಕಳು ಬರೋದು ನಾಳೆ," ಎಂದರು ಫಿಲೋಮಿನಾ. "ಏಪ್ರಿಲ್ ಬಿಸಿಲಲ್ಲಿ ತುಂಬಿದ ಬಸುರೀನ ಎಲ್ಲಿ ಕೂರಿಸ್ಲಿ ಹೇಳಿ."

ಭಾಗೀರಥಿ ಮರದಡಿ ಕೂತಿದ್ದವರನ್ನು ನೋಡಿದಳು. "ನಿಮ್ಮ ಪ್ರಶ್ನೆ ಸರಿ ಸಿಸ್ಟರ್. ನೆರಳಿನ ಏರ್ಪಾಡು ಕೇಂದ್ರದ್ದು. ಅದಾದ ಮೇಲೆಯೇ ನಿಮ್ಮ ಮರಕ್ಕೆ ಕುಡಿಕೆ ಕಟ್ಟೋದು," ಎಂದಳು.

ಫಿಲೋಮಿನಾ ಮರದತ್ತ ತಲೆಯೆತ್ತಿ ನೋಡಿದರು. "ಇದು ಸತ್ತುಹೋದ್ರೆ ಒಂದು ಬೇಸಿಗೆ ಅಲ್ಲ, ಎಲ್ಲಾ ಬೇಸಿಗೇನೂ ಬಿಸಿಲೇ. ಅದೂ ಗೊತ್ತು ನಂಗೆ. ನಿಮ್ಮ ಮಾತಿನ ಮೇಲೆ ಒಪ್ಕೊಳ್ತೀನಿ. ಮಾತು ತಪ್ಪಬೇಡಿ."

* * *

ಸಂಕ್ರಾಂತಿ ಕಳೆದ ಮೇಲೆ ಕುಡಿಕೆಗಳು ಮರವೇರಿದವು. ಒಂದು ವಾರ ಹಾಲುಬಾವಿಯ ತುಂಬ ಮಾವಿನ ಸೊನೆಯ ವಾಸನೆ. ಪ್ರತಿ ಕಾಂಡಕ್ಕೂ ಒಂದು ಬಿಲ್ಲೆಯಷ್ಟಗಲದ ಯಂತ್ರ ಅಂಟಿಸಿದ್ದರು; ಮರದ ಒಳಗಿನ ಸದ್ದನ್ನು ಕೇಳಿ ಕೇಂದ್ರಕ್ಕೆ ಕಳಿಸುವ ಕಿವಿ ಅದು. ನೀರು ಮೇಲೇರುವ ಸಣ್ಣ ಸದ್ದು, ಹುಳ ಕಡಿದರೆ ಆ ಸದ್ದು, ಎಲ್ಲವೂ ಅದಕ್ಕೆ ಕೇಳುತ್ತಿತ್ತು. ನಿಯಂತ್ರಣ ಕೊಠಡಿಯಲ್ಲಿ ಕೂತು ಆ ಸದ್ದುಗಳನ್ನು ಓದುತ್ತಿದ್ದವಳು ಜಬೀನಾ ಎಂಬ ಎಂಜಿನಿಯರ್.

"ಮೇಡಮ್, ಅಂಟು ತುಂಬ್ಕೊಳ್ಳೋಕೆ ಶುರು ಮಾಡಿವೆ," ಎಂದು ಅವಳು ಒಂದು ಬೆಳಿಗ್ಗೆ ಕೂಗಿದಳು. ಪರದೆಯ ಮೇಲೆ ಹಾಲುಬಾವಿಯ ಚುಕ್ಕೆಗಳು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿದ್ದವು.

ಅದೇ ವಾರದಲ್ಲಿ ಎಲೆಗಳು ಉದುರತೊಡಗಿದವು. ಮೊದಲು ಹಗುರವಾಗಿ, ಆಮೇಲೆ ಗುಡಿಸಿದಷ್ಟೂ. ಯುಗಾದಿಗೆ ಬಾಗಿಲಿಗೆ ಕಟ್ಟಲು ಬೀದಿಯಲ್ಲಿ ಒಂದು ಮಾವಿನ ಎಲೆ ಇರಲಿಲ್ಲ. ಬೇವು ಬೆಲ್ಲದ ಬೇವನ್ನು ಪಕ್ಕದ ಬಡಾವಣೆಯಿಂದ ತಂದರು. ಹಕ್ಕಿಗಳು ಬೇರೆ ಕಡೆ ಹೋದವು. ಮಧ್ಯಾಹ್ನ ರಸ್ತೆಯ ಡಾಂಬರು ಕಾಲಿಗೆ ಅಂಟುವಷ್ಟು ಕಾಯುತ್ತಿತ್ತು.

ಆಸ್ಪತ್ರೆಯ ಅಂಗಳಕ್ಕೆ ಕೇಂದ್ರದವರು ದಪ್ಪ ಪ್ಲಾಸ್ಟಿಕ್ ಹಾಳೆಯ ಚಪ್ಪರ ಹಾಕಿಸಿದ್ದರು. ಫೆಬ್ರವರಿಯಲ್ಲಿ ಅದು ಸಾಕಾಗಿತ್ತು. ಏಪ್ರಿಲ್ ಬಂದಾಗ ಅದರಡಿ ಗಾಳಿಯಾಡದೆ ಹೊಗೆಯಿಲ್ಲದ ಒಲೆಯಂತಾಯಿತು. ಒಂದು ಮಧ್ಯಾಹ್ನ ನಂಜನಗೂಡಿನ ಕಡೆಯಿಂದ ಬಂದ ಬಸುರಿ ಹುಡುಗಿಯೊಬ್ಬಳು ಅಲ್ಲೇ ತಲೆಸುತ್ತಿ ಬಿದ್ದಳು. ತಾಯಿ, ಮಗು ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಸುದ್ದಿ ಬಡಾವಣೆ ದಾಟಿ ಊರೆಲ್ಲ ಹರಡಿತು.

ಭಾಗೀರಥಿ ಓಡಿ ಬಂದಾಗ ಫಿಲೋಮಿನಾ ಹುಡುಗಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ತಲೆ ಎತ್ತದೆಯೇ, "ಮಾತು ಕೊಟ್ಟಿದ್ರಿ," ಎಂದರು. ಅಷ್ಟೇ. ಬೈದಿದ್ದರೆ ಸಹಿಸಬಹುದಿತ್ತು ಎನಿಸಿತು ಭಾಗೀರಥಿಗೆ.

ಆಮೇಲೆ ಜಯಕೀರ್ತಿಯವರ ಕರೆ ಬಂತು. ಅವರ ಮೇಲೂ ಒತ್ತಡವಿತ್ತು. "ಭಾಗೀರಥಿ, ಕುಡಿಕೆ ಇಳಿಸಿಬಿಡಿ. ಜನರ ಪ್ರಾಣಕ್ಕಿಂತ ಮರ ದೊಡ್ಡದಲ್ಲ."

"ಈಗ ಇಳಿಸಿದ್ರೆ ಅಂಟು ಅರ್ಧಕ್ಕೇ ನಿಲ್ತದೆ ಸರ್. ಎಲೆಯೂ ಹೋಯ್ತು, ರಕ್ಷಣೆಯೂ ಇಲ್ಲ. ಒಂದು ವಾರ ಕೊಡಿ. ನೆರಳು ಮಾಡ್ತೀನಿ. ಆಗದಿದ್ರೆ ನಾನೇ ಏಣಿ ಹತ್ತಿ ಇಳಿಸ್ತೀನಿ."

* * *

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತುಬಿಟ್ಟಳು. ಚೆನ್ನಾಜಮ್ಮ ಒಂದು ಚೊಂಬು ಮಜ್ಜಿಗೆ ತಂದು ಪಕ್ಕದಲ್ಲಿಟ್ಟರು.

"ಮರದ ನೆರಳು ತಂಪಾಗಿರ್ತದಲ್ಲ ಅತ್ತೆ, ಅದು ಬರೀ ಬಿಸಿಲು ತಡೆಯೋದ್ರಿಂದ ಅಲ್ಲ," ಎಂದಳು ಭಾಗೀರಥಿ, ತನಗೆ ತಾನೇ ಹೇಳಿಕೊಳ್ಳುವಂತೆ. "ಎಲೆ ಒಂದರ ಮೇಲೊಂದು ಪದರ ಪದರವಾಗಿರ್ತವೆ. ನಡುವೆ ಗಾಳಿ ಆಡ್ತದೆ. ಎಲೆಯಿಂದ ನೀರು ಆವಿಯಾಗ್ತಾ ಇರ್ತದೆ. ನಾನು ಇಷ್ಟೆಲ್ಲ ಓದಿಕೊಂಡು ಪ್ಲಾಸ್ಟಿಕ್ ಹಾಕಿಸೋದಕ್ಕೆ ಒಪ್ಪಿದೆ ನೋಡಿ."

"ಆಗಿದ್ದಾಯ್ತು. ಈಗ ಎಲೆ ಥರಾ ಇರೋದು ಏನ್ ಬೇಕು ಅದ್ ಹೇಳು."

"ಬಟ್ಟೆ. ತೆಳು ಹತ್ತಿ ಬಟ್ಟೆ. ಎರಡು ಮೂರು ಪದರ, ಮಧ್ಯೆ ಅಂತರ, ಮೇಲಿನ ಪದರಕ್ಕೆ ನೀರು ತೊಟ್ಟಿಕ್ಕಬೇಕು. ಆದರೆ ಅಂಗಳಕ್ಕೆ ಸಾಲೋವಷ್ಟು ಬಟ್ಟೆ ವಾರದೊಳಗೆ ಎಲ್ಲಿಂದ ತರೋದು?"

ಚೆನ್ನಾಜಮ್ಮ ಸೊಸೆಯ ಮುಖ ನೋಡಿದರು. ಒಳಗೆ ಹೋಗಿ ಪೆಟ್ಟಿಗೆಯಿಂದ ತಮ್ಮ ಹಳೆಯ ಹತ್ತಿ ಸೀರೆಗಳನ್ನೆಲ್ಲ ಎರಡು ತೋಳಲ್ಲೂ ತಬ್ಬಿ ತಂದು ಜಗಲಿಯ ಮೇಲೆ ಹಾಕಿದರು.

"ಇವು ನನ್ನವು. ಬೀದೀಲಿ ಇನ್ನೆಷ್ಟು ಹೆಂಗಸ್ರವ್ರೆ ಲೆಕ್ಕ ಹಾಕ್ಕೋ."

ಮರುದಿನ ಬೆಳಿಗ್ಗೆ ಮನೆಯ ಮುಂದೆ ಸೀರೆಗಳು ಬರತೊಡಗಿದವು. ಇಳಕಲ್ಲು, ಮಗ್ಗದ ಸೀರೆ, ಬಣ್ಣ ಮಾಸಿದ್ದು, ಅಂಚು ಹರಿದದ್ದು, ಪಂಚೆಗಳು, ತೊಟ್ಟಿಲಿಗೆ ಕಟ್ಟಿದ್ದ ಮೆತ್ತನೆಯ ಹಳೆ ಬಟ್ಟೆಗಳು. ಹೊಲಿಗೆ ಯಂತ್ರ ಇದ್ದವರು ಯಂತ್ರವನ್ನೇ ಹೊತ್ತು ತಂದು ಸಮುದಾಯ ಭವನದಲ್ಲಿ ಸಾಲಾಗಿ ಇಟ್ಟರು. ಹಿಂದೆಂದೂ ಪರಸ್ಪರ ಮಾತಾಡದ ಬೀದಿಗಳವರು ಒಂದೇ ಸೀರೆಯ ಎರಡು ತುದಿ ಹಿಡಿದು ಕೂತರು. ಜಬೀನಾ ಪದರಗಳ ನಡುವೆ ಎಷ್ಟು ಅಂತರ ಬೇಕು, ನೀರಿನ ಕೊಳವೆಗೆ ಎಲ್ಲೆಲ್ಲಿ ತೂತು ಬೇಕು ಎಂದು ಲೆಕ್ಕ ಹಾಕಿ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದಳು. ಚೆನ್ನಾಜಮ್ಮ ಅದರಂತೆ ಕತ್ತರಿ ಹಾಕಿದರು. ಒಮ್ಮೆ ಜಬೀನಾಳ ಲೆಕ್ಕ ತಪ್ಪಿತು, ಇನ್ನೊಮ್ಮೆ ಚೆನ್ನಾಜಮ್ಮನ ಕತ್ತರಿ ತಪ್ಪಿತು. ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ಗದರಿಕೊಂಡರು.

ಭಾಗೀರಥಿಯ ಗಂಡ ಸಿದ್ದರಾಜು ವಿದ್ಯುತ್ ಲೈನ್‌ಮನ್. ಅವನು ತನ್ನ ಜೊತೆಯವರನ್ನು ಕರೆದುಕೊಂಡು ಬಂದು ಬೋಳು ಮಳೆಮರದ ಕೊಂಬೆಯಿಂದ ಕೊಂಬೆಗೆ, ಮರಕ್ಕೆ ನೋವಾಗದಂತೆ ಗೋಣಿತಾಟು ಸುತ್ತಿ, ಹಗ್ಗ ಬಿಗಿದ.

ಚಪ್ಪರ ಏರಿದ ದಿನ ಫಿಲೋಮಿನಾ ಮೊದಲು ತಾವೇ ಅದರಡಿ ಕುರ್ಚಿ ಹಾಕಿಕೊಂಡು ಕೂತರು. ಉರಿಬಿಸಿಲಿನ ಮಧ್ಯಾಹ್ನ. ಮೇಲೆ ನೂರು ಬಣ್ಣದ ಸೀರೆಗಳು ಗಾಳಿಗೆ ಮೆಲ್ಲಗೆ ಏಳುತ್ತ ಇಳಿಯುತ್ತ, ಅವರ ಬಿಳಿ ಉಡುಪಿನ ಮೇಲೆ ಕೆಂಪು, ಹಳದಿ, ಹಸಿರು ಬೆಳಕು ಆಡುತ್ತಿತ್ತು. ಬಹಳ ಹೊತ್ತಾದ ಮೇಲೆ ಅವರು ಎದ್ದು, ಒಳಗೆ ಕೈ ಬೀಸಿ ಕೂಗಿದರು.

"ಬನ್ರಮ್ಮಾ, ಎಲ್ಲಾ ಹೊರಗ್ ಬನ್ನಿ. ಇಲ್ಲಿ ಒಳಗಡೆಗಿಂತ ತಂಪಾಗಿದೆ."

ಆಸ್ಪತ್ರೆಯ ಅಂಗಳದಿಂದ ಶುರುವಾದದ್ದು ಬಸ್ ನಿಲ್ದಾಣಕ್ಕೆ, ಶಾಲೆಗೆ, ಕೊನೆಗೆ ಮುಖ್ಯ ಬೀದಿಯ ಉದ್ದಕ್ಕೂ ಹಬ್ಬಿತು. ಮೇ ತಿಂಗಳಲ್ಲಿ ಹಾಲುಬಾವಿಯನ್ನು ನೋಡಲೆಂದೇ ಬೇರೆ ಕಡೆಯ ಜನ ಬರತೊಡಗಿದರು. ಜಯಕೀರ್ತಿಯವರೂ ಒಂದು ದಿನ ಕಾರಿಳಿದು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದರು. ಕುಡಿಕೆ ಇಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

* * *

ಮುಂಗಾರು ಬಂದು ಮರಗಳು ಚಿಗುರಿದವು. ಸೀರೆಗಳನ್ನು ಇಳಿಸಿ, ಒಗೆದು ಮಡಿಸಿಟ್ಟರು. ಅಂಟು ಮರಗಳೊಳಗೇ ಉಳಿದಿತ್ತು, ಕುಡಿಕೆಗಳ ಕೆಲಸ ಮುಗಿದಿತ್ತು. ದುಂಬಿ ಮಾತ್ರ ಬರಲಿಲ್ಲ.

ದಸರಾ ಕಳೆಯಿತು. ಹಾಲು ತರಲು ಹೋದಲ್ಲಿ, "ಏನ್ ಮೇಡಮ್, ನಿಮ್ಮ ನೆಂಟ್ರು ಇನ್ನೂ ದಾರೀಲೇ ಅವ್ರಾ?" ಎಂದು ಯಾರಾದರೂ ಕೇಳುತ್ತಿದ್ದರು. ಭಾಗೀರಥಿ ನಕ್ಕು ಮುಂದೆ ಹೋಗುತ್ತಿದ್ದಳು. ದುಂಬಿ ಬರಲಿ ಎಂದು ಬಯಸುವಂತಿರಲಿಲ್ಲ. ಬಾರದಿದ್ದರೆ ತಾನು ಜನರಿಗೆ ಕೊಟ್ಟ ಕಷ್ಟಕ್ಕೆ ಉತ್ತರವಿರಲಿಲ್ಲ. ಆ ಚಳಿಗಾಲ ಅವಳಿಗೆ ಊಟ ರುಚಿಸಲಿಲ್ಲ.

ಜನವರಿಯಲ್ಲಿ ಊರ ಹೊರವಲಯದ ಗೋದಾಮುಗಳ ಬಳಿ ಒಂದು ಸಾಲು ಮರ ಬಾಡಿತು. ಕೊಯ್ದು ನೋಡಿದರೆ ಒಳಗೆ ಮಸಿ. ಅಲ್ಲಿಂದ ದುಂಬಿ ವಾರಕ್ಕೊಂದು ಬಡಾವಣೆಯಂತೆ ಒಳನುಗ್ಗಿತು. ಪರದೆಯ ಮೇಲಿನ ಹಸಿರು ಚುಕ್ಕೆಗಳು ಒಂದೊಂದಾಗಿ ಕಪ್ಪಾದವು. ರೋಗ ಹಿಡಿದ ಮರಗಳನ್ನು ಕಡಿದು ಸುಡುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಪಕ್ಕದ ಬಡಾವಣೆಯ ಗರಗಸದ ಸದ್ದು ಹಾಲುಬಾವಿಗೆ ಕೇಳುತ್ತಿತ್ತು. ಹಿಂದಿನ ವರ್ಷ ಬೇವು ಕೊಟ್ಟ ಮರಗಳು ಅವು.

ಒಂದು ಬೆಳಿಗ್ಗೆ ಜಬೀನಾ ಫೋನ್ ಮಾಡಿದಳು. "ಮೇಡಮ್, ಆಸ್ಪತ್ರೆ ಮರ. ಕೊರೆಯೋಕೆ ಶುರು ಮಾಡಿವೆ."

ನಿಯಂತ್ರಣ ಕೊಠಡಿಯಲ್ಲಿ ಇಬ್ಬರೂ ಕೂತು ಕೇಳಿದರು. ಧ್ವನಿವರ್ಧಕದಲ್ಲಿ ಆ ಸದ್ದು, ಒಣ ಅವಲಕ್ಕಿ ಅಗಿದಂತೆ ಕರಕರ ಕರಕರ. ಒಂದಲ್ಲ, ಹತ್ತಾರು ಕಡೆ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಹೆಚ್ಚಾಯಿತು. ಫಿಲೋಮಿನಾ ಅಂಗಳದಿಂದಲೇ ಫೋನ್ ಮಾಡಿ, ತೊಗಟೆಯ ಮೇಲೆ ಹೊಟ್ಟಿನಂಥ ಪುಡಿ ಉದುರುತ್ತಿದೆ ಎಂದರು. "ನಾನೇನಾದ್ರೂ ಮಾಡ್ಬೇಕಾ?"

"ಏನೂ ಇಲ್ಲ ಸಿಸ್ಟರ್. ಮಾಡೋದೆಲ್ಲ ಆಗಿದೆ. ಇನ್ನು ಮರ ಮಾಡ್ಬೇಕು."

ಎರಡನೆಯ ದಿನ ಸದ್ದು ಹಾಗೆಯೇ ಇತ್ತು. ಮೂರನೆಯ ದಿನ ಜಬೀನಾ ತಟ್ಟನೆ ಕೈ ಎತ್ತಿದಳು. ಭಾಗೀರಥಿ ಕಿವಿಗೊಟ್ಟಳು. ಕರಕರ ಸದ್ದಿನಲ್ಲಿ ಬಿಡುವು ಬರುತ್ತಿತ್ತು. ಒಂದು ಕಡೆ ನಿಂತಿತು, ಇನ್ನೊಂದು ಕಡೆ ತಡೆದು ತಡೆದು ಶುರುವಾಗಿ ಮತ್ತೆ ನಿಂತಿತು. ಸಂಜೆಗೆ ಮರದೊಳಗೆ ಉಳಿದದ್ದು ಒಂದೇ ಸದ್ದು: ಬೇರಿನಿಂದ ತುದಿಗೆ ನೀರು ಏರುವ ತೆಳುವಾದ ಸರಸರ.

ಜಬೀನಾ ಮುಖ ಮುಚ್ಚಿಕೊಂಡು ಅತ್ತಳು. ಭಾಗೀರಥಿ ಅಳಲಿಲ್ಲ. ಎದ್ದು ಕಿಟಕಿ ತೆರೆದು, ದೂರದಲ್ಲಿ ಹಾಲುಬಾವಿಯ ಹಸಿರು ಕಾಣುವ ದಿಕ್ಕಿಗೆ ನೋಡುತ್ತ ನಿಂತಳು.

* * *

ಖಚಿತವಾಗಬೇಕಿತ್ತು. ಆ ಭಾನುವಾರ ಆಸ್ಪತ್ರೆಯ ಅಂಗಳದಲ್ಲಿ ಬಡಾವಣೆಯೆಲ್ಲ ಸೇರಿರುವಾಗ, ಸಿದ್ದರಾಜು ಮೇಲೇರಿ ದುಂಬಿ ಕೊರೆದಿದ್ದ ಒಂದು ಕೊಂಬೆಯನ್ನು ಕತ್ತರಿಸಿ ಇಳಿಸಿದ. ಭಾಗೀರಥಿ ಅದನ್ನು ಅಡ್ಡಕ್ಕೆ ಕೊಯ್ದು ಬಿಲ್ಲೆ ಮಾಡಿದಳು. ಎಲ್ಲರೂ ಬಗ್ಗಿ ನೋಡಿದರು.

ತೊಗಟೆಯಿಂದ ಒಂದು ಸೂಜಿಗಾತ್ರದ ತೂತು. ಅದರ ಸುತ್ತ ಉಗುರಿನಷ್ಟು ಮಸಿ. ಅಲ್ಲಿಗೆ ಜೇನಿನ ಬಣ್ಣದ ಅಂಟಿನ ಗೋಡೆ. ಗೋಡೆಯಲ್ಲಿ ಹೂತುಹೋಗಿ ಸತ್ತ ದುಂಬಿ. ಅದರಾಚೆ ಮರವೆಲ್ಲ ಹಾಲಿನಂತೆ ಬಿಳುಪು.

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಅಂಗಳವೇ ತಟ್ಟಿತು. ಮಾತಾಡಿ ಮೇಡಮ್ ಎಂದು ಕೂಗಿದರು. ಭಾಗೀರಥಿ ಸುತ್ತ ನೋಡಿದಳು. ಬೋಳುಮರದ ಕೆಳಗೆ ಬೆವರು ಒರೆಸಿಕೊಂಡು ಕೂತಿದ್ದ ಮುಖಗಳು, ಬಟ್ಟೆ ಹೊಲಿದ ಕೈಗಳು, ಎಲ್ಲ ಎದುರಿಗಿದ್ದವು. "ಇದು ನೀವು ಕಟ್ಟಿದ ಗೋಡೆ," ಎಂದಷ್ಟೇ ಹೇಳಿದಳು.

ಗೇಟಿನ ಬಳಿ ಬೇರೆ ಬಡಾವಣೆಗಳವರು ನಿಂತಿದ್ದರು. ಊರಿನ ಆಚೆ ತುದಿಯ, ದುಂಬಿ ಇನ್ನೂ ಮುಟ್ಟದ ಬೀದಿಗಳವರು. ಅವರಲ್ಲೊಬ್ಬ ಹೆಂಗಸು ಮುಂದೆ ಬಂದು, "ನಮ್ಮ ಬೀದೀಗೂ ಕಟ್ಟಿಕೊಡ್ತೀರಾ? ಬಿಸಿಲಾದ್ರೂ ಸೈ," ಎಂದಳು.

"ಸುಲಭ ಅನ್ಕೋಬೇಡಿ ಕಣವ್ವ," ಎಂದರು ಚೆನ್ನಾಜಮ್ಮ. "ಮೈಯೆಲ್ಲ ಬೆವರುಸಾಲೆ ಬಂದು, ಯಾಕಾದ್ರೂ ಒಪ್ಪುಕೊಂಡ್ವೋ ಅನ್ನಿಸ್ತದೆ. ನಮಗೂ ಅನ್ನಿಸ್ತು. ಆದ್ರೂ ಮಾಡುದ್ವಿ. ನಿಮಗೂ ಹೇಳ್ಕೊಡ್ತೀವಿ, ನಡೀರಿ." ಹಾಗೆಂದು ಸೊಸೆಯ ಕೈಯಿಂದ ಆ ಬಿಲ್ಲೆಯನ್ನು ತೆಗೆದುಕೊಂಡರು.

"ಅತ್ತೆ, ಅದು ಪ್ರಯೋಗಾಲಯಕ್ಕೆ ಬೇಕು! ಅದರಲ್ಲಿ ಬೂಷ್ಟು ಬೇರೆ ಇದೆ, ಹಾಗೆಲ್ಲ ಊರೊಳಗೆ ಓಡಾಡಿಸೋ ಹಾಗಿಲ್ಲ."

"ಕೊಡಿ ಇಲ್ಲಿ," ಎಂದು ಫಿಲೋಮಿನಾ ಅದನ್ನು ಇಸಿದುಕೊಂಡು ಒಳಗೆ ಹೋದರು. ಹೆರಿಗೆಯ ಕತ್ತರಿಗಳನ್ನು ಹಬೆಯಲ್ಲಿ ಬೇಯಿಸುವ ಡಬ್ಬಿಯಲ್ಲಿ ಅದನ್ನೂ ಬೇಯಿಸಿ, ಒರೆಸಿ, ತಂದು ಚೆನ್ನಾಜಮ್ಮನ ಕೈಗಿಟ್ಟರು. "ಈಗ ಬೂಷ್ಟೂ ಇಲ್ಲ, ಪಾಷಾಣವೂ ಇಲ್ಲ. ತಗೊಂಡ್ ಹೋಗಿ ತೋರಿಸಿ."

"ಸಾಯಂಕಾಲಕ್ಕೆ ತಂದ್ಕೊಡ್ತೀನಿ," ಎನ್ನುತ್ತ ಚೆನ್ನಾಜಮ್ಮ ಆ ಹೆಂಗಸರ ಜೊತೆ ನಡೆದೇಬಿಟ್ಟರು.

ಅಂದು ಸಂಜೆ ಅದು ಬರಲಿಲ್ಲ. ಮರುದಿನವೂ ಬರಲಿಲ್ಲ. ಒಂದು ಬೀದಿಯವರು ನೋಡಿ ಮುಂದಿನ ಬೀದಿಗೆ ಕೊಟ್ಟರಂತೆ, ಅವರು ಶಾಲೆಗೆ ಕೊಟ್ಟರಂತೆ, ಶಾಲೆಯವರು ಮಾರುಕಟ್ಟೆಗೆ. ಅದು ಹೋದ ಹೋದ ಕಡೆಯಿಂದ ಕುಡಿಕೆ ಬೇಕೆಂದು ಕೇಂದ್ರಕ್ಕೆ ಜನ ಬಂದರು. ಭಾಗೀರಥಿ ಪರೀಕ್ಷೆಗೆಂದು ಇನ್ನೊಂದು ಕೊಂಬೆ ಕತ್ತರಿಸಬೇಕಾಯಿತು. ತಿಂಗಳು ಕಳೆದು ಆ ಬಿಲ್ಲೆ ಪ್ರಯೋಗಾಲಯದ ಮೇಜಿಗೆ ಮರಳಿದಾಗ, ಊರಿನ ಅಷ್ಟೂ ಕೈಗಳು ಸವರಿ ಸವರಿ ಅದರ ಅಂಚು ಹುಣಸೆ ಬೀಜದ ಹಾಗೆ ನುಣುಪಾಗಿತ್ತು.